ಸಾಹೇಬನ ಗೋರಿಗೆ ಏರಿಸಿದ ಸಕ್ಕರೆ

ಕಳೆದ ವಾರ ನಮ್ಮ ಸೋದರತ್ತೆ ಒಬ್ಬ ಬ್ರಿಟಿಷ್ ಸಾಹೇಬನ ಗೋರಿಗೆ ಸಕ್ಕರೆ ಏರಿಸಿದಳು. ಆಮೇಲೆ ವಾಪಸ್ ತೆಗೆದುಕೊಂಡಳು.

ನಗಬೇಡಿ. ಮೊದಲು ಕೇಳಿ.

ಘಟ್ಟದ ಮೇಲೆ ಬ್ರಿಟಿಷರು ಕಟ್ಟಿದ ಒಂದು ಗಿರಿಧಾಮಕ್ಕೆ ಹೋಗಿದ್ದೆವು. ಜೇವರ್ಗಿ ಬಿಸಿಲಲ್ಲಿ ಬೆಂದವರಿಗೆ ಅಲ್ಲಿಯ ಗಾಳಿಯೇ ಸಾಕು. ಆದರೆ ನಾನು ಕಾಲೇಜು ಮೇಷ್ಟ್ರು ನೋಡಿ, ಗಾಳಿ ಸಾಲುತ್ತದೆಯೇ? ಮೊಬೈಲಿನಲ್ಲಿ ‘ಹೆರಿಟೇಜ್ ವಾಕ್’ ಬುಕ್ ಮಾಡಿದೆ. ಗೊಬ್ಬೂರಿನಿಂದ ಬಂದಿದ್ದ ಅತ್ತೆಯನ್ನು ರೂಮಿನಲ್ಲೇ ಬಿಡುವ ವಿಚಾರವಿತ್ತು. (ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.)

ನಮ್ಮ ಗುಂಪಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಹತ್ತು ಜನ. ಎಲ್ಲರ ತಲೆಗೂ ಹ್ಯಾಟು, ಎಲ್ಲರ ಬಾಯಲ್ಲೂ ಇಂಗ್ಲಿಷು. ಒಂದು ಹಳೆಯ ಕಿಟಕಿ ಕಂಡರೆ ಸಾಕು, ‘ವಾವ್!’ ಇಂಥದೇ ಕಿಟಕಿ ಅವರವರ ಊರಿನಲ್ಲಿದ್ದರೆ? ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತಿದ್ದರು. ನಾನೇನು ಕಮ್ಮಿ? ನಾನೂ ಎರಡು ಸಲ ‘ವಾವ್’ ಅಂದೆ.

ಗೈಡ್ ಆಗಿದ್ದ ಯುವಕ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಾನು ಅತ್ತೆಯ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದೆ.

“ಈ ಬೆಟ್ಟಾನ ಒಬ್ಬ ಸಾಹೇಬ ಕಂಡುಹಿಡದನಂತ ಅತ್ತಿ.”

“ಯಾಕ, ಎಲ್ಲಿ ಕಳದಿತ್ತು?”

ಇದನ್ನು ನಾನು ಇಂಗ್ಲಿಷ್ ಮಾಡಲಿಲ್ಲ.

ಆಮೇಲೆ ಹಳೆಯ ಸ್ಮಶಾನ. ಪಾಚಿ ಕಟ್ಟಿದ ಕಲ್ಲುಗೋರಿ. ಅತ್ತೆ ಚಪ್ಪಲಿ ಬಿಟ್ಟಳು, ಸೆರಗು ಹೊದ್ದಳು, ಚೀಲದಿಂದ ಸಕ್ಕರೆ ಪುಡಿಕೆ ತೆಗೆದು ಗೋರಿಯ ತಲೆಕಡೆ ಸುರಿದು, ಕಣ್ಣು ಮುಚ್ಚಿ ಕೈಮುಗಿದಳು. ಆಳಂದ, ಅಫಜಲಪುರದ ಕಡೆ ಇದು ವಿಶೇಷವೇ ಅಲ್ಲ. ನಮ್ಮ ಮನೆ ಗೋಡೆಯ ಮೇಲೆ ಬುದ್ಧ ಇದ್ದಾನೆ, ಆದರೂ ದರ್ಗಾಕ್ಕೆ ಸಕ್ಕರೆ ಹೋಗುತ್ತದೆ. ಗೋರಿ ಕಟ್ಟಿದ್ದಾರೆಂದರೆ ಒಳಗಿರುವವರು ಜನಕ್ಕೆ ಬೇಕಾದವರೇ ಇರಬೇಕು. ಇದು ಅವಳ ಲೆಕ್ಕ.

ಹ್ಯಾಟುಗಳು ಕಿಸಕ್ಕೆಂದವು. ಒಬ್ಬಾಕೆ ವಿಡಿಯೊ ಮಾಡಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಈ ಇಡೀ ರಸ್ತೆ ಕಟ್ಟಿದವನು ಈತನೇ. ಒಬ್ಬನೇ ಒಬ್ಬ” ಎಂದ ಗೈಡ್, ಗೋರಿ ತೋರಿಸಿ. ಕನ್ನಡ ಮಾಡಿದೆ.

ಅತ್ತೆ ಕಣ್ಣು ಬಿಟ್ಟಳು.

“ಒಬ್ಬನs? ಖಡಿ ಯಾರು ಒಡದ್ರಂತ? ನಮ್ಮಪ್ಪ ಯಡ್ರಾಮಿ ಸಡಕಿಗಿ ಖಡಿ ಒಡದ. ಚೂರು ಸಿಡಿದು ಒಂದ್ ಕಣ್ಣ ಹೋತು. ಅಂಥವ್ರ ಗೋರಿ ಎಲ್ಲ್ಯಾದ? ಕೇಳ್ ಅವಂಗ.”

ಅವಳ ಅಪ್ಪ ಎಂದರೆ ನನ್ನ ಅಜ್ಜ. ಜಲ್ಲಿ ಒಡೆದೇ ನನ್ನಪ್ಪನನ್ನು ಓದಿಸಿದವನು. ಕೇಳಬೇಕಾಗಿದ್ದು ಇಷ್ಟೇ: ನನ್ನಜ್ಜನಂಥವರು ಎಲ್ಲಿದ್ದಾರೆ? ನಾನು ಕೇಳಿದ್ದೇನು ಗೊತ್ತೇ? “ಕಾರ್ಮಿಕರ ಬಗ್ಗೆ ಏನಾದರೂ ಮಾಹಿತಿ ಇದೆಯೇ?” ಅಜ್ಜನನ್ನೂ ಅವನ ಕಣ್ಣನ್ನೂ ನುಂಗಿಬಿಟ್ಟೆ. ಆ ಹ್ಯಾಟುಗಳ ಮುಂದೆ ನಾನು ಪ್ರೊಫೆಸರ್!

“ರೆಕಾರ್ಡ್ ಇಲ್ಲ ಸರ್. ಮುಂದೆ ಹೈ ಟೀ ಇದೆ” ಎಂದ ಗೈಡ್.

ಸಾಹೇಬನ ಕುದುರೆಯ ಹೆಸರಿಗೆ ರೆಕಾರ್ಡ್ ಇತ್ತು. ಅವನ ನಾಯಿಗೂ ಒಂದು ಕಲ್ಲಿತ್ತು. ಪಾರಂಪರಿಕ ನಡಿಗೆಯಂತೆ! ಕಾಲ ಕೆಳಗಿನ ರಸ್ತೆ ಯಾರದೆಂದು ಕೇಳಿದರೆ ಚಹಾ ಕುಡಿಸುತ್ತಾರೆ.

“ಏನಂದ?”

“ಗೊತ್ತಿಲ್ಲಂತ.”

ಅತ್ತೆ ಗೋರಿಯ ಮೇಲಿನ ಸಕ್ಕರೆಯನ್ನು ಒಂದು ಕಾಳೂ ಬಿಡದಂತೆ ಬಳಿದು ಪುಡಿಕೆಗೆ ಹಾಕಿಕೊಂಡಳು. ಕೊಟ್ಟದ್ದನ್ನು ವಾಪಸ್ ಪಡೆಯುವುದು ನಮ್ಮಲ್ಲಿ ದೊಡ್ಡ ತಪ್ಪು. ಆ ತಪ್ಪನ್ನು ಅವಳು ಎಲ್ಲರೆದುರು, ನೆಟ್ಟಗೆ ನಿಂತು ಮಾಡಿದಳು. ಬರಿಗಾಲಲ್ಲೇ ಹೊರಗೆ ಬಂದು, ಹಳೆಯ ಕಲ್ಲುಹಾಸು ಕಾಣುವ ಕಡೆ ರಸ್ತೆಯಂಚಿಗೆ ಕುಕ್ಕರಗಾಲಲ್ಲಿ ಕೂತು, ಸಕ್ಕರೆಯನ್ನು ಅಲ್ಲಿ ಸುರಿದಳು.

“ಇದು ನಿಮ್ಮಜ್ಜಂದs ಗೋರಿ ಅಂತ ತಿಳಿ. ಬೂಟ್ ಬಿಚ್ಚಿ ಕೈಮುಗಿ.”

ಹಿಂದೆ ಹತ್ತೂ ಹ್ಯಾಟುಗಳು ನಿಂತಿದ್ದವು. ನಾನು ಬಗ್ಗಿದೆ. ಬೂಟು ಬಿಚ್ಚಲಿಲ್ಲ, ನೋಡಿದವರು ಲೇಸ್ ಕಟ್ಟುತ್ತಿದ್ದಾನೆ ಎಂದುಕೊಳ್ಳಲಿ ಅಂತ.