ಕೇರಿಯವರೆಲ್ಲರ ಕಾರು

ಕಸದ ಲಾರಿ ಎಂದ ಆ ಮಾತನ್ನು ತಿಬುರ್ಸಿಯೊ ಇವತ್ತಿಗೂ ಮರೆತಿಲ್ಲ. ಮರೆಯುವ ಉದ್ದೇಶವೂ ಅವನಿಗಿಲ್ಲ.

ಅಂದವನು ಫಿದೆನ್ಸಿಯೊ, ಪೂರ್ವ ಲಾಸ್ ಏಂಜಲೀಸಿನ ಆ ಕೇರಿಯ ಕಾರ್ ಕ್ಲಬ್ಬಿನ ಯಜಮಾನ. ಪ್ರತಿ ಭಾನುವಾರ ಅವನ ಬಳಗ ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರುಗಳಲ್ಲಿ ವಿಟಿಯರ್ ರಸ್ತೆಯುದ್ದಕ್ಕೂ ಆಮೆಯ ಹಾಗೆ ಸಾಗುತ್ತಿತ್ತು. ಎಲ್ಲ ಕಾರಿಗೂ ಒಂದೇ ನೇರಳೆ ಬಣ್ಣ. ಮುಖ ನೋಡಿಕೊಂಡು ಮೀಸೆ ತೀಡಬಹುದು, ಅಂಥ ಹೊಳಪು. ಆ ಕಾರುಗಳ ಸೀಟಿಗೆ ಮಖಮಲ್ಲು ಹೊಲಿದುಕೊಟ್ಟವನು ತಿಬುರ್ಸಿಯೊ. ಅದನ್ನು ಯಾರೂ ಹೇಳುತ್ತಿರಲಿಲ್ಲ.

ಆ ವರ್ಷ ಅವನ ಮಗಳು ಮರಿಸೆಲಾಗೆ ಹದಿನೈದು ತುಂಬುತ್ತಿತ್ತು. ಕೇರಿಯಲ್ಲಿ ಅದು ಮದುವೆಗೆ ಸಮನಾದ ಹಬ್ಬ. ಒಬ್ಬೊಬ್ಬರು ಒಂದೊಂದರ ಖರ್ಚು ಹೊರುತ್ತಾರೆ: ಕೇಕು ಒಬ್ಬರದು, ಕಿರೀಟ ಒಬ್ಬರದು, ಬ್ಯಾಂಡು ಇನ್ನೊಬ್ಬರದು. ಹಾಗೆ ಹೊತ್ತವನು ಹುಡುಗಿಯ ಅಪ್ಪನಿಗೆ ಕಂಪಾದ್ರೆ, ಅಂದರೆ ಬೀಗನಷ್ಟೇ ಹತ್ತಿರದ ನೆಂಟ, ಆಗುತ್ತಾನೆ. ಅಲ್ಲಿಂದಾಚೆಗೆ ಇಬ್ಬರೂ ಒಬ್ಬರಿಗೊಬ್ಬರು ಬಹುವಚನ ಹಚ್ಚಬೇಕು, ಬೀದಿಯಲ್ಲಿ ಜಗಳ ಆಡಕೂಡದು. ಕಾರುಗಳ ಮೆರವಣಿಗೆಯನ್ನು ಹೊರು ಎಂದು ಕೇಳಲು ತಿಬುರ್ಸಿಯೊ ಫಿದೆನ್ಸಿಯೊನ ಹತ್ತಿರ ಹೋದ. ಮಗಳು ಮಾತ್ರ ಅಪ್ಪನ ಕಾರಿನಲ್ಲೇ ಸಾಲಿನ ಮುಂದೆ ಇರಬೇಕು ಎಂದ.

"ಯಾವ್ದು, ಹಿತ್ಲಲ್ಲಿ ನಿಲ್ಸಿದೀಯಲ್ಲ, ಅದಾ?" ಫಿದೆನ್ಸಿಯೊ ನಕ್ಕ. "ಮಾರಾಯಾ, ಅದು ರಸ್ತೆಗೆ ಬಂದ್ರೆ ಕಸದ ಲಾರಿ ಬಂತು ಅಂತ ಜನ ಬುಟ್ಟಿ ಹಿಡ್ಕೊಂಡು ಓಡಿ ಬರ್ತಾರೆ!"

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಬುರ್ಸಿಯೊನ ಕಿವಿ ಕಾದ ಹೆಂಚಾಯಿತು. "ನಿನ್ನ ನೇರಳೆ ಡಬ್ಬಗಳನ್ನ ನೀನೇ ಇಟ್ಕೋ. ನನ್ನ ಮಗಳು ನನ್ನ ಕಾರಲ್ಲೇ ಬರ್ತಾಳೆ" ಎಂದು ಎದ್ದು ಬಂದ.

ಬಂದದ್ದೇನೋ ಬಂದ. ಆದರೆ ಕಾರಿನ ವಿಷಯದಲ್ಲಿ ಫಿದೆನ್ಸಿಯೊ ಸುಳ್ಳು ಹೇಳಿರಲಿಲ್ಲ. ಅದು ಹಳೇ ಶೆವರ್ಲೆ; ಎಂಜಿನ್ನು, ಅಚ್ಚು ಬಿಟ್ಟರೆ ಉಳಿದದ್ದೆಲ್ಲ ಗುಜರಿ ಅಂಗಡಿಯಿಂದ ಆರಿಸಿ ತಂದದ್ದು. ಒಂದು ಬಾಗಿಲು ನೀಲಿ, ಒಂದು ಕೆನೆ ಬಣ್ಣ, ಡಿಕ್ಕಿ ಕೆಂಪು, ಬಾನೆಟ್ಟು ಕಡು ಹಸಿರು. ಎಲ್ಲವನ್ನೂ ಉಜ್ಜಿ ಒಂದೇ ಬಣ್ಣ ಹೊಡೆಯೋಣವೆಂದರೆ ಅಷ್ಟು ಬಣ್ಣ ಎಲ್ಲಿಂದ ತರುವುದು?

"ಬಣ್ಣ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಉಜ್ಜಿ" ಎಂದಳು ಹೆಂಡತಿ ಎಲೊಯ್ಸಾ. ಅವನು ಮರಳು ಕಾಗದ ಹಿಡಿದು ನೀಲಿ ಬಾಗಿಲಿಗೆ ಕೈ ಹಾಕಿದನಷ್ಟೆ, ಬೇಲಿಯ ಆಚೆಯಿಂದ ಪಕ್ಕದ ಮನೆಯ ಮುದುಕಿ ಚಾಯೊ ಕಿರುಚಿದಳು.

"ಮುಟ್ಬೇಡ್ವೋ! ಅದು ನನ್ನ ಗಂಡನ ಕಾರಿನ ಬಾಗ್ಲು!"

"ನಿಮಗೆ ಹೇಗೆ ಗೊತ್ತು?"

"ಆ ಉದ್ದ ಗೀರು ಇದ್ಯಲ್ಲ, ಬೀಗದ ಕೈಯಲ್ಲಿ ನಾನೇ ಎಳೆದದ್ದು ಕಣೋ. ಅವನು ಆ ಬೇಕರಿಯವಳನ್ನ ಕೂರಿಸ್ಕೊಂಡು ಸುತ್ತಾಡ್ದ ದಿನ!" ಎಂದು ಗೀರನ್ನು ಸವರಿ ಅತ್ತಳು. ಅಳುತ್ತ ನಕ್ಕಳು.

ತಿಬುರ್ಸಿಯೊ ಮರಳು ಕಾಗದವನ್ನು ಎಸೆದುಬಿಟ್ಟ. ಇಷ್ಟು ದಿನ ಅಡಗಿಸಲು ಒದ್ದಾಡುತ್ತಿದ್ದುದನ್ನು ಎತ್ತಿ ತೋರಿಸಬೇಕೆಂದು ಅವನಿಗೆ ಹೊಳೆದದ್ದು ಆಗ. ಅಂಗಡಿ ಬೋರ್ಡು ಬರೆಯುವವರು ಬಿಟ್ಟ ಡಬ್ಬಗಳ ತಳ ಕೆರೆದು ತಂದ. ಗೀರಿನ ಗುಂಟ ಬಳ್ಳಿ ಬರೆದ. ಬಳ್ಳಿಯ ಗುಲಾಬಿಗಳಿಗೆ ಎಲೊಯ್ಸಾಳ ಉಗುರು ಬಣ್ಣ. ಕೆಳಗೆ ಮುದುಕಿಯ ಗಂಡನ ಹೆಸರನ್ನು ಸುರುಳಿ ಸುರುಳಿ ಅಕ್ಷರದಲ್ಲಿ ಬರೆದ. ಸುದ್ದಿ ಹಬ್ಬಿ ಒಬ್ಬೊಬ್ಬರೇ ಬಂದು ತಮ್ಮ ಹಳೇ ಕಾರಿನ ತುಂಡನ್ನು ಗುರುತು ಹಿಡಿದರು. ಮುಚ್ಚಿದ ಟಾಕೀಸಿನ ಕೆಂಪು ಪರದೆ ಸೀಟಾಯಿತು.

ಉಳಿದದ್ದು ಹಸಿರು ಬಾನೆಟ್ಟು. ಅದರ ಮುಂದಿನ ಅಂಚಿನಲ್ಲಿ ಎರಡು ಗುಳಿ.

"ಅಬುಂದಿಯೊನದ್ದು" ಎಂದಳು ಚಾಯೊ. "ಫಿದೆನ್ಸಿಯೊನ ಅಪ್ಪ. ಸಂಜೆ ಅದರ ಮೇಲೆ ಕೂತು ಅಕಾರ್ಡಿಯನ್ ನುಡಿಸೋನು, ಬೂಟಿನ ಹಿಮ್ಮಡಿಯಲ್ಲಿ ತಾಳ ಹಾಕ್ತಾ. ಹಾಗೆ ಬಿದ್ದ ಗುಳಿ ಇವು. ಅಪ್ಪ ಸತ್ತ ತಿಂಗಳಲ್ಲೇ ಮಗ ಕಾರನ್ನ ಗುಜರಿಗೆ ಹಾಕ್ದ."

"ತೆಗೆದು ಬಿಸಾಕ್ರೀ. ಅವನ ಮನೆ ತಗಡು ನಮಗ್ಯಾಕೆ?" ಎಂದಳು ಎಲೊಯ್ಸಾ.

"ಬಿಸಾಕೋದಾ? ಮುಂದೆ ಇರೋದೇ ಅದು. ಅವನ ಕಣ್ಣಿಗೆ ಮೊದ್ಲು ಅದೇ ಬೀಳ್ಲಿ!" ಸಿಟ್ಟಿನಿಂದಲೇ ಕುಂಚ ಹಿಡಿದ. ಆದರೆ ಅಕಾರ್ಡಿಯನ್ ಬರೆಯುತ್ತ ಬರೆಯುತ್ತ ಕೈ ಮೆತ್ತಗಾಯಿತು. ಗುಳಿಗಳೆರಡನ್ನೂ ಎರಡು ಸೂರ್ಯ ಮಾಡಿದ.

ಹಬ್ಬದ ದಿನ ಚರ್ಚಿನ ಪೂಜೆ ಮುಗಿಸಿ, ಬಿಳಿ ಗೌನು ತೊಟ್ಟ ಮಗಳನ್ನು ಹಿಂದೆ ಕೂರಿಸಿಕೊಂಡು, ತಿಬುರ್ಸಿಯೊ ವಿಟಿಯರ್ ರಸ್ತೆಗೆ ಇಳಿದ. ಜನ ನಿಜಕ್ಕೂ ಮನೆಗಳಿಂದ ಓಡಿ ಬಂದರು. ಯಾರ ಕೈಯಲ್ಲೂ ಬುಟ್ಟಿ ಇರಲಿಲ್ಲ.

"ಅಲ್ನೋಡು, ನಮ್ಮಣ್ಣನ ಡಿಕ್ಕಿ!" "ಏ, ನಮ್ಮ ಬಾಗ್ಲು ಕಣೇ, ಮುಟ್ಟು, ಮುಟ್ಟು!" ಮುಟ್ಟಿದವರು ಕಾರನ್ನು ಬಿಡದೆ ಜೊತೆಯಲ್ಲೇ ನಡೆದರು.

ತಿಂಡಿ ಅಂಗಡಿಯ ಮುಂದೆ ನೇರಳೆ ಕಾರುಗಳು ಸಾಲಾಗಿ ನಿಂತಿದ್ದವು. ಫಿದೆನ್ಸಿಯೊ ರಸ್ತೆಗೇ ಬಂದು ಅಡ್ಡ ನಿಂತ. ಬಾನೆಟ್ಟು ನೋಡಿದ. ಆ ಎರಡು ಸೂರ್ಯರೊಳಗೆ ಎರಡು ಹೆಬ್ಬೆರಳು ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಇದನ್ನ ಬಿಚ್ಚಿ ಕೊಡು" ಎಂದ.

"ಮೊದ್ಲು ಆ ಮಾತು ವಾಪಸ್ ತಗೋ."

"ನಮ್ಮಪ್ಪಂದು ಕಣೋ ಅದು!"

"ಗುಜರಿಗೆ ಹಾಕುವಾಗ ಯಾರಪ್ಪಂದಾಗಿತ್ತು?"

ಇಬ್ಬರೂ ತೋಳು ಮಡಚಿದರು. "ಅಪ್ಪಾ, ತಮಾಲೆ ತಣ್ಣಗಾಗತ್ತೆ!" ಎಂದು ಮರಿಸೆಲಾ ಒಳಗಿಂದ ಕೂಗಿದಳು. ಆಗ ಚಾಯೊ ಕೋಲು ಊರಿಕೊಂಡು ನಡುವೆ ಬಂದಳು.

"ಥೂ, ನಾಚಿಕೆ ಆಗಲ್ವಾ? ಬಾಗ್ಲು ಕೊಟ್ಟ ನಾನು ಈ ಕಾರು ಹೊತ್ತವಳು, ಬಾನೆಟ್ಟು ಅವನ ಮನೇದು, ಅವನೂ ಹೊತ್ತವನೇ. ನೀವಿಬ್ರೂ ಕಂಪಾದ್ರೆಗಳು. ಎಲ್ಲಿ, ಈಗ ಜಗಳ ಆಡಿ ನೋಡೋಣ!"

ಜನ ಹೋ ಎಂದು ಚಪ್ಪಾಳೆ ಹೊಡೆದರು. ಫಿದೆನ್ಸಿಯೊ ಸುತ್ತ ನೋಡಿದ, ನೆಲ ನೋಡಿದ, ಕೊನೆಗೆ ದಾರಿ ಬಿಟ್ಟ. "ನಡೀರಿ, ಕಂಪಾದ್ರೆ" ಎಂದ, ಹಲ್ಲು ಕಚ್ಚಿಕೊಂಡೇ. ತಿಬುರ್ಸಿಯೊ ಗೇರು ಹಾಕಿದ. ಕನ್ನಡಿಯಲ್ಲಿ ನೋಡಿದರೆ ನೇರಳೆ ಕಾರುಗಳು ಒಂದೊಂದಾಗಿ ಹಿಂದೆ ಸೇರಿಕೊಳ್ಳುತ್ತಿದ್ದವು. ಗುಜರಿ ಕಾರು ಮುಂದೆ, ಹೊಳಪಿನ ಸಾಲು ಹಿಂದೆ. ಅಂಥ ಮೆರವಣಿಗೆಯನ್ನು ಆ ರಸ್ತೆ ಕಂಡಿರಲಿಲ್ಲ.

ಮರಿಸೆಲಾಗೆ ಈಗ ಎರಡು ಮಕ್ಕಳು. ಕಾರು ತಿಬುರ್ಸಿಯೊನ ಅಂಗಳದಲ್ಲೇ ಇದೆ. ಭಾನುವಾರ ಸಂಜೆ ಫಿದೆನ್ಸಿಯೊ ಬರುತ್ತಾನೆ, ಬಾನೆಟ್ಟಿನ ಮೇಲೆ ಅಪ್ಪನ ಜಾಗದಲ್ಲೇ ಕೂತು ಕಾಫಿ ಕುಡಿಯುತ್ತಾನೆ.

"ಬಿಚ್ಚಿ ಕೊಡ್ತೀರಾ, ಕಂಪಾದ್ರೆ?"

"ಮಾತು ವಾಪಸ್ ತಗೊಳ್ತೀರಾ, ಕಂಪಾದ್ರೆ?"

ಫಿದೆನ್ಸಿಯೊ ಲೋಟ ಕೆಳಗಿಟ್ಟು ಮನೆಗೆ ಹೋಗುತ್ತಾನೆ. ಇಷ್ಟು ವರ್ಷವಾದರೂ ಆ ಮಾತು ವಾಪಸ್ ಬಂದಿಲ್ಲ, ಬಾನೆಟ್ಟೂ ಹೋಗಿಲ್ಲ.