ಕಣ್ಣಿಡದ ಕೋಳಿಮರಿ

ಮೊಮ್ಮಗಳು ರೇಷ್ಮೆಗೂಡಿನಿಂದ ಮಾಡಿದ ಆಟದ ಕೋಳಿಮರಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದ ದಿನವೇ ಚಿಕ್ಕನಿಂಗಮ್ಮ ಗುರುಸಿದ್ದಯ್ಯನ ಹೆಸರು ಮೊದಲು ಕೇಳಿದ್ದು. ಮಧುವನಹಳ್ಳಿಯ ಅವನ ಜಗಲಿಯಲ್ಲಿ ಯಾವುದೂ ಕಸವಲ್ಲ. ತೆಂಗಿನ ಗರಿ ಪೀಪಿಯಾಗುತ್ತದೆ, ಜೋಳದ ದಂಟು ಗಾಡಿಯಾಗುತ್ತದೆ, ಮೈಮರೆತು ಕೂತರೆ ನಿಮ್ಮ ಸೆರಗೂ ಬೊಂಬೆಯಾದೀತು. ತೂತುಬಿದ್ದ ಗೂಡಿಗೆ ಕೊಕ್ಕು, ಪುಕ್ಕ ಅಂಟಿಸಿದ ಮೇಲೆ ಮಕ್ಕಳ ಕೈಗೆ ಇದ್ದಿಲು ಕೊಟ್ಟು, “ಕಣ್ಣಿಡದು ನಿಮ್ ಕೆಲ್ಸ ಕಣ್ರಲಾ, ಎಲ್ಲಾನೂವೆ ನಾನೇ ಮಾಡಕ್ಕಾದದಾ?” ಎನ್ನುತ್ತಾನೆ. “ಸೋಂಬೇರಿ ತಾತ” ಎಂದು ಅವು ನಗುತ್ತವೆ. ಮೊನ್ನೆ ಚಿಕ್ಕನಿಂಗಮ್ಮನೂ ಜೊತೆಗೆ ಹೋಗಿದ್ದಾಗ ಮೊಮ್ಮಗಳು ಮರೆತು, ಕಣ್ಣಿಡದೆಯೇ ಮರಿಯನ್ನು ಅವನ ಕೈಗಿತ್ತಳು. ಅವನು ಅದನ್ನು ಮುಖದ ಹತ್ತಿರ ಹಿಡಿದು, “ಕಣ್ಣು ಚೆಂದಾಗವೆ ಮಗ” ಎಂದ. ಮಗು ಆಡಲು ಓಡಿದ ಮೇಲೆ ಚಿಕ್ಕನಿಂಗಮ್ಮ ಮೆಲ್ಲಗೆ, “ಅದ್ಕೆ ಕಣ್ಣೇ ಇಲ್ವಲ್ಲಣ್ಣ” ಎಂದಳು. ಗೂಡನ್ನು ಸವರುತ್ತಿದ್ದ ಅವನ ಬೆರಳು ನಿಂತಿತು. “ಯಾರ್ಗೂ ಯೋಳ್ಬ್ಯಾಡ ಕಣವ್ವ. ನಂಗೆ ಕಾಣಲ್ಲ ಅಂತ ಗೊತ್ತಾದ್ರೆ ಯಾರೂ ಮಕ್ಳ ಇಲ್ಗೆ ಕಳ್ಸಲ್ಲ.”