ಹಿಂದಿನಿಂದ ಕರೆಯಬಾರದು

ಮೆಲ್ಬರ್ನಿನ ಅಂಚಿನ ಟ್ರುಗನಿನಾದ ಕನ್ನಡದವರಲ್ಲಿ ಕಲ್ಲಯ್ಯ ಹಿರೇಮಠನನ್ನು ಅರಿಯದವರು ಕಡಿಮೆ. ಅವನೇನು ದೊಡ್ಡ ಮನುಷ್ಯನಲ್ಲ. ಹುಬ್ಬಳ್ಳಿಯಲ್ಲಿ ಫ್ರಿಜ್ಜು ರಿಪೇರಿ ಕಲಿತು, ಆ ಕಸುಬಿನ ಮೇಲೆಯೇ ವೀಸಾ ಪಡೆದು, ಹದಿನಾಲ್ಕು ವರ್ಷದ ಹಿಂದೆ ಮೆಲ್ಬರ್ನಿಗೆ ಬಂದವನು. ಈಗ ಐವತ್ತೇಳು. ಮನೆಯಿಂದ ಆರು ನಿಮಿಷದ ದಾರಿಯಲ್ಲಿರುವ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಮೀನು, ಬಟಾಣಿ, ಐಸ್‌ಕ್ರೀಮು ಎಲ್ಲ ಮೈನಸ್ ಇಪ್ಪತ್ತೆರಡರಲ್ಲಿ ಮಲಗಿರುವ ಗೋದಾಮು ಅದು. ಬೆಳಗಿನ ಪಾಳಿ ಶುರುವಾಗುವ ಮೊದಲು ಅವನು ಕಬ್ಬಿಣದ ಸಲಾಕೆ ಹಿಡಿದು ನೆಲವನ್ನೆಲ್ಲ ತುಳಿದು ನೋಡಬೇಕು. ಬಾಗಿಲ ಬಳಿ ಕಟ್ಟಿದ ಐಸನ್ನು ಹಿಮ್ಮಡಿಯಿಂದ ಗುದ್ದಿ, ಸಪ್ಪಳ ಕೇಳಿ, ಒಡೆಯಬೇಕಾದ್ದನ್ನು ಒಡೆಸಬೇಕು. ಅವನು ತಲೆ ಆಡಿಸುವವರೆಗೆ ಒಂದು ಫೋರ್ಕ್‌ಲಿಫ್ಟೂ ಒಳಗೆ ಹೋಗುವಂತಿಲ್ಲ. ಹನ್ನೊಂದು ವರ್ಷದಲ್ಲಿ ತನ್ನ ಪಾಳಿಯಲ್ಲಿ ಒಬ್ಬನೂ ಜಾರಿ ಬಿದ್ದಿಲ್ಲ ಎಂಬ ಹೆಮ್ಮೆ ಅವನಿಗಿತ್ತು. ಇರಲಿ ಬಿಡಿ, ದುಡಿಯುವ ಮನುಷ್ಯನಿಗೆ ಅಷ್ಟು ಹೆಮ್ಮೆ ಇರಬೇಕು.

ಇನ್ನೊಂದು ಕೆಲಸ ಹುಟ್ಟಿನಿಂದ ಬಂದದ್ದು. ಕಲ್ಲಯ್ಯ ಅಯ್ಯನವರ, ಅಂದರೆ ಜಂಗಮರ, ಮನೆತನದವನು. ಅವನ ಕಡೆಯ ಲಿಂಗಾಯತ ಮನೆಗಳಲ್ಲಿ ಹೊಸ ಕೆಲಸಕ್ಕೆ ಹೊರಡುವವರು ಅಯ್ಯನವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿಯೇ ಹೊಸ್ತಿಲು ದಾಟುವುದು ವಾಡಿಕೆ. ಆ ವಾಡಿಕೆ ವಿಮಾನ ಹತ್ತಿ ಟ್ರುಗನಿನಾಕ್ಕೂ ಬಂದಿತ್ತು. ಹೊಸ ಕಾರು ತಂದವರು ಮೊದಲು ಕಲ್ಲಯ್ಯನ ಮನೆ ಮುಂದೆ ನಿಲ್ಲಿಸುತ್ತಿದ್ದರು. ಅಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗಾಗಿ ಇಂಗ್ಲಿಷ್ ಪರೀಕ್ಷೆ ಬರೆಯುವವರು ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದರು. ಅವನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಹೋಗಿ ಬರ್ರಿ, ಛಲೋ ಆಗತೈತಿ."

"ನಿಮ್ಮ ಬಾಯಾಗ 'ಬ್ಯಾಡ' ಅನ್ನೋ ಮಾತs ಇಲ್ಲ ನೋಡ್ರಿ," ಎಂದು ಹೆಂಡತಿ ರತ್ನವ್ವ ಚೇಷ್ಟೆ ಮಾಡುತ್ತಿದ್ದಳು.

ನಿಜವೇ. ಹೊರಟು ನಿಂತವರಿಗೆ ಬೇಡ ಎನ್ನಬಾರದು, ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು ಎಂದು ಅವನ ಅಜ್ಜಿ ಕಲಿಸಿದ್ದಳು. ಹಾಗಾಗಿ ಗೋದಾಮಿನಲ್ಲಿ ದಿನಕ್ಕೆ ಹತ್ತು ಸಲ ಬೇಡ ಎನ್ನುವ ಮನುಷ್ಯ, ಊರವರ ಮುಂದೆ ಹೂಂ ಬಿಟ್ಟು ಬೇರೆ ಅನ್ನುತ್ತಿರಲಿಲ್ಲ. ಎರಡು ಕೆಲಸಗಳೂ ಬೇರೆಬೇರೆಯಾಗಿ ಇರುವವರೆಗೆ ಯಾರಿಗೂ ತೊಂದರೆ ಆಗಲಿಲ್ಲ.

ಕಳೆದ ಆಗಸ್ಟಿನಲ್ಲಿ, ಅಲ್ಲಿಯ ಚಳಿಗಾಲದಲ್ಲಿ, ನಾಲ್ಕು ಮನೆಯವರು ಸೇರಿ ಎರಡು ದಿನ ಹಿಮ ನೋಡಲು ಗುಡ್ಡದ ಮೇಲೆ ಹೋದರು. ಮುಂದಾಳು ವೀರೇಂದ್ರ. ಬೆಳಗಾವಿಯ ಹುಡುಗ, ಮೂವತ್ತೊಂಬತ್ತು ವರ್ಷ, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಸಿಡ್ನಿಯ ಗಿರಾವೀನ್‌ನಿಂದ ಎರಡು ವರ್ಷದ ಹಿಂದೆ ಹೆಂಡತಿ ಸಂಧ್ಯಾರಾಣಿ, ಮಗಳು ಪ್ರಣತಿಯ ಜೊತೆ ಟ್ರುಗನಿನಾಕ್ಕೆ ಬಂದು ಮನೆ ಮಾಡಿದ್ದ. ಅವನಿದ್ದಲ್ಲಿ ನಗುವಿಗೆ ಬರವಿರಲಿಲ್ಲ. ಕಲ್ಲಯ್ಯನಿಗೆ ಮಕ್ಕಳಿಲ್ಲ, ವೀರೇಂದ್ರ ಮನೆಗೆ ಬಂದು ಅಡುಗೆಮನೆಗೇ ನುಗ್ಗಿ ರೊಟ್ಟಿ ಮುರಿದು ತಿನ್ನುತ್ತಿದ್ದ ಸಲಿಗೆ ಅವನಿಗೆ ಬಹಳ ಹಿಡಿಸಿತ್ತು.

ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಹೆಪ್ಪುಗಟ್ಟಿದ ಒಂದು ಕೆರೆಯ ದಂಡೆಗೆ ಬಂದರು. ಬಿಸಿಲು ಬಿದ್ದು ಕಣ್ಣು ಕುಕ್ಕುವಷ್ಟು ಬಿಳುಪು. ದಂಡೆಯ ಮೇಲೆ ಎದೆಯೆತ್ತರದ ಒಂದು ಬೋರ್ಡು. ಬೋರ್ಡುಗಳನ್ನು ಓದುವುದೇ ಕಲ್ಲಯ್ಯನ ಕೆಲಸ, ಆದ್ದರಿಂದ ಓದಿದ. ಇಲ್ಲಿಯ ಐಸಿನ ದಪ್ಪವನ್ನು ಯಾರೂ ಅಳೆಯುವುದಿಲ್ಲ, ಕಾಲಿಡುವವರೇ ತಮ್ಮ ಜೀವಕ್ಕೆ ಹೊಣೆ ಎಂದು ಅದರಲ್ಲಿ ಬರೆದಿತ್ತು. ಉಳಿದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ವೀರೇಂದ್ರನಿಗೆ ಕೆರೆಯ ನಡುವೆ ನಿಂತು ಒಂದು ಫೋಟೊ ಬೇಕಾಗಿತ್ತು.

"ಅಯ್ಯಾರ, ನೀವು ದಿನಾ ಐಸಿನ್ಯಾಗ ಇರೋರು. ನಮಗೇನ್ ಗೊತ್ತಾಗತೈತಿ? ನೀವs ನೋಡಿ ಹೇಳ್ರಿ."

ಎಲ್ಲರೂ ತಿರುಗಿ ಕಲ್ಲಯ್ಯನನ್ನು ನೋಡಿದರು. ಜನ ತನ್ನನ್ನೇ ಕೇಳುವುದರಲ್ಲಿ ಒಂದು ಸುಖವಿದೆ. ಅದು ಆ ಗಳಿಗೆಯಲ್ಲಿ ಅವನ ತಲೆಗೇರಿತು. ದಂಡೆಯ ಅಂಚಿಗೆ ಹೋಗಿ ಹಿಮ್ಮಡಿಯಿಂದ ಮೂರು ಸಲ ಗುದ್ದಿದ. ಗಟ್ಟಿ ಸಪ್ಪಳ ಬಂತು. ಗೋದಾಮಿನ ಐಸಿನ ಕೆಳಗೆ ಕಾಂಕ್ರೀಟು ಇರುತ್ತದೆ, ಇಲ್ಲಿ ಕೆಳಗಿರುವುದು ನೀರು ಎಂಬುದು ಅವನಿಗೆ ತಿಳಿಯದ್ದೇನಲ್ಲ. ಆದರೆ ಹತ್ತು ಜನ ಕಾಯುತ್ತಿದ್ದರು, ವೀರೇಂದ್ರ ಆಗಲೇ ಬಗ್ಗಿ ಅವನ ಪಾದ ಮುಟ್ಟಿಬಿಟ್ಟಿದ್ದ. ಬಾಯಿಗೆ ರೂಢಿಯಾದ ಮಾತು ತಾನೇ ಹೊರಬಿತ್ತು.

"ಗಟ್ಟಿ ಐತಿ. ಹೋಗಿ ಬಾ."

ವೀರೇಂದ್ರ ಎರಡೂ ಕೈ ಚಾಚಿ ಕುಣಿಯುತ್ತ ಹೊರಟ. ಇಪ್ಪತ್ತು ಹೆಜ್ಜೆ ಹೋಗಿರಬೇಕು. ಆಗ ಕಲ್ಲಯ್ಯನಿಗೆ ಮುಂದಿನ ಐಸು ಕಂಡಿತು. ಬಿಳಿ ಅಲ್ಲ, ಬೂದು. ಮೇಲೆ ಬೆವರಿದ ಹಾಗೆ ತೇವ. ಗೋದಾಮಿನ ಬಾಗಿಲಲ್ಲಿ ಅಂಥ ಬೂದು ಕಂಡಿದ್ದರೆ ಅವನು ಫೋರ್ಕ್‌ಲಿಫ್ಟಿನ ಕೀಲಿಯನ್ನೇ ಕಿತ್ತುಕೊಳ್ಳುತ್ತಿದ್ದ. ಕೂಗಬೇಕೆಂದು ಬಾಯಿ ತೆರೆದ. ಗಂಟಲಿಗೆ ಅಜ್ಜಿಯ ಮಾತು ಅಡ್ಡ ನಿಂತಿತು: ಹೋಗುವವನನ್ನು ಹಿಂದಿನಿಂದ ಕರೆಯಬಾರದು. ಅದೂ ತಾನೇ ಹೋಗಿ ಬಾ ಎಂದು ಕಳಿಸಿದವನನ್ನು!

ಅಷ್ಟರಲ್ಲಿ ಪಕ್ಕದಲ್ಲಿದ್ದ ಒಂಬತ್ತು ವರ್ಷದ ಪ್ರಣತಿ ಕೂಗಿದಳು. ಮಕ್ಕಳ ಕಣ್ಣಿಗೆ ಕಾಣದ್ದು ಯಾವುದಿದೆ?

"ಪಪ್ಪಾ, ಕಮ್ ಬ್ಯಾಕ್! ಇಟ್ಸ್ ವೆಟ್ ದೇರ್!"

ವೀರೇಂದ್ರ ನಿಂತು ತಿರುಗಿ ನೋಡಿದ. ಪ್ರಣತಿ ಮತ್ತೆ ಬಾಯಿ ತೆರೆದಳು. ಕಲ್ಲಯ್ಯ ಅವಳ ಹೆಗಲ ಮೇಲೆ ಕೈಯಿಟ್ಟು, "ಶ್, ಸುಮ್ಮನಿರವಾ. ಹೋಗೋರ್ನ ಹಿಂದಿಂದ ಕರೀಬಾರ್ದು, ಛಲೋ ಆಗಂಗಿಲ್ಲ," ಎಂದ. ಹುಡುಗಿ ಬಾಯಿ ಮುಚ್ಚಿದಳು. ವೀರೇಂದ್ರ ನಕ್ಕು ಕೈಬೀಸಿ ಮತ್ತೆ ಮುಂದೆ ನಡೆದ. ನಾಲ್ಕು ಹೆಜ್ಜೆ. ಹಪ್ಪಳ ಮುರಿದಷ್ಟೇ ಸಪ್ಪಳ.

ಆಮೇಲಿನದನ್ನು ಬೆಳೆಸಿ ಹೇಳುವುದರಲ್ಲಿ ಅರ್ಥವಿಲ್ಲ. ಜಾಕೀಟುಗಳನ್ನು ಗಂಟುಹಾಕಿ ಎಸೆದರು, ಮುಟ್ಟಲಿಲ್ಲ. ಕಲ್ಲಯ್ಯ ಹೊಟ್ಟೆಯ ಮೇಲೆ ತೆವಳುತ್ತ ಹೋದ. ಅರ್ಧ ದಾರಿಯಲ್ಲಿ ಅವನ ಕೆಳಗೂ ಬಿರುಕು ಬಿಟ್ಟಾಗ ಕಾಲು ಹಿಡಿದು ಎಳೆದುಕೊಂಡರು. ರಕ್ಷಣೆಯವರು ಏಣಿ ಹಿಡಿದು ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು, ಬೂದು ನೀರು ಸುಮ್ಮನೆ ನಿಂತಿತ್ತು. ಸಂಧ್ಯಾರಾಣಿಯ ಕೂಗು ಮಾತ್ರ ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು.

ಅಂದು ಪೊಲೀಸರು ಕೇಳಿದಾಗ ಕಲ್ಲಯ್ಯ ಹೇಳಿದ್ದು ಇಷ್ಟೇ: ಗಟ್ಟಿ ಇದೆ ಎಂದು ಎಲ್ಲರೂ ಅಂದುಕೊಂಡೆವು. ಎಲ್ಲರೂ! ಆ ಒಂದು ಮಾತಿನ ಹಿಂದೆ ಅವನು ಆರು ವಾರ ಅಡಗಿ ಕುಳಿತ. ಯಾರೂ ಅವನನ್ನು ಹೊರಗೆಳೆಯಲಿಲ್ಲ, ಬದಲಿಗೆ ಇನ್ನಷ್ಟು ಮುಚ್ಚಿದರು. ಪ್ರವಾಸಕ್ಕೆ ಬಂದಿದ್ದವರಲ್ಲಿ ಒಬ್ಬನಾದ ಮೈಸೂರಿನ ಶಿವಪ್ರಕಾಶ ಆರನೆಯ ವಾರದ ಬುಧವಾರ ಮನೆಗೆ ಬಂದು ಕುಳಿತು ಬುದ್ಧಿ ಹೇಳಿದ.

"ನೋಡಿ ಅಂಕಲ್, ಸಾವಿನ ವಿಚಾರಣೆ ಮಾಡೋ ಕೊರೋನರ್‌ಗೆ ನಾವೆಲ್ಲ ಸ್ಟೇಟ್‌ಮೆಂಟ್ ಬರ್ಕೊಡ್ಬೇಕು. ಬೋರ್ಡು ಸರಿಯಾಗಿ ಕಾಣ್ತಿರ್ಲಿಲ್ಲ ಅಂತ ಎಲ್ರೂ ಒಂದೇ ಥರ ಬರೆಯೋಣ. ನಿಮ್ಮ ಹೆಸರು ಯಾಕೆ ಬರ್ಬೇಕು ಅದ್ರಲ್ಲಿ? ನೀವೇನು ಬೇಕಂತ ಮಾಡಿದ್ರಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಅದು ಸುಳ್ಳೆಂದು ಕಲ್ಲಯ್ಯನಿಗೆ ಗೊತ್ತಿತ್ತು, ಹಿತವಾಗಿಯೂ ಇತ್ತು. ಸಂಧ್ಯಾರಾಣಿ ಮನೆ ಖಾಲಿ ಮಾಡಿ ಶನಿವಾರ ಗಿರಾವೀನ್‌ನಲ್ಲಿರುವ ಅಣ್ಣನ ಮನೆಗೆ ಹೋಗುವವಳಿದ್ದಳು. ಶುಕ್ರವಾರದೊಳಗೆ ಸ್ಟೇಟ್‌ಮೆಂಟ್ ಹೋಗಬೇಕು. ಎರಡು ದಿನ ತಡೆದರೆ ಎಲ್ಲ ಮುಗಿದುಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ್ದನ್ನು ನಾನು ಮುಚ್ಚಿಡುವುದಿಲ್ಲ. ಒಳ್ಳೆಯವರೂ ಹೀಗೆ ಲೆಕ್ಕ ಹಾಕುತ್ತಾರೆ.

ಗುರುವಾರ ಸಂಜೆ ರತ್ನವ್ವ ಸಂಧ್ಯಾರಾಣಿಯ ಮನೆಯಲ್ಲಿ ಪಾತ್ರೆ ಕಟ್ಟಿಕೊಟ್ಟು ಬಂದಳು. ಚಪ್ಪಲಿ ಬಿಡುವ ಮೊದಲೇ ಗಂಡನ ಎದುರು ನಿಂತಳು.

"ಆ ಕೂಸು ಯಾರ್ನೂ ಕೂಗಿ ಕರಿಯೂದs ಬಿಟ್ಟೈತ್ರಿ. ಅವ್ವ ಮಹಡಿ ಮ್ಯಾಲಿದ್ರ ಮೆಟ್ಟಲಾ ಹತ್ತಿ ಹೋಗಿ ಸೆರಗು ಜಗ್ಗತೈತಿ. ಮೊನ್ನೆ ಸಾಲ್ಯಾಗ ಗೆಳತಿ ಬ್ಯಾಗ್ ಮರ್ತು ಹೊಂಟ್ರ, ಕರೀಲಿಲ್ಲಂತ. ಗೇಟಿನ ತನಕಾ ಓಡಿ ಹೋಗಿ ಮುಂದ ನಿಂತು ಕೊಟ್ಟಳಂತ. ನಿನ್ನೆ ಅವ್ವನ್ನ ಏನ್ ಕೇಳ್ಯಾಳ ಗೊತ್ತೇನ್ರಿ? 'ನಾ ಹಿಂದಿಂದ ಕರೆದದ್ದಕ್ಕs ಪಪ್ಪಾ ಸತ್ತಾನೇನು?' ಅಂತ."

ಈವರೆಗೆ ಕಲ್ಲಯ್ಯ ಹೆದರಿದ್ದು ತನ್ನ ಹೆಸರಿಗೆ, ತನ್ನ ಮಾತಿಗಿದ್ದ ಬೆಲೆಗೆ. ತಾನು ಹೊರಬೇಕಾದ ಕಲ್ಲನ್ನು ಒಂಬತ್ತು ವರ್ಷದ ಹುಡುಗಿ ಆರು ವಾರದಿಂದ ಹೊತ್ತು ತಿರುಗುತ್ತಿದ್ದಾಳೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಾಯಿತು.

"ಏನ್ ಮಾಡ್ತೀರಿ?" ಎಂದಳು ರತ್ನವ್ವ.

"ಬರೀತೀನಿ," ಎಂದ ಕಲ್ಲಯ್ಯ. "ಆಮ್ಯಾಲ ಅಲ್ಲಿಗೆ ಹೋಗ್ತೀನಿ."

ಶುಕ್ರವಾರ ರಜೆ ಹಾಕಿ ಊಟದ ಮೇಜಿನ ಮುಂದೆ ಕುಳಿತು, ಗೋದಾಮಿನ ವರದಿ ಬರೆಯುವ ಸಾದಾ ಇಂಗ್ಲಿಷಿನಲ್ಲಿ ಬರೆದ. ಬೋರ್ಡು ಎದುರಿಗೇ ಇತ್ತು, ನಾನು ಓದಿದೆ. ಐಸು ಗಟ್ಟಿ ಇದೆ ಎಂದು ಹೇಳಿದವನು ನಾನು. ಬೂದು ಐಸನ್ನು ಕಂಡೂ ಕೂಗಲಿಲ್ಲ. ಮಗಳು ಕೂಗಿದಳು, ಅವಳನ್ನು ನಾನು ಸುಮ್ಮನಾಗಿಸಿದೆ. ಕಳಿಸಿದ ಮೇಲೆ ಶಿವಪ್ರಕಾಶನಿಗೂ ಫೋನು ಮಾಡಿ ಹೇಳಿದ. "ನಿಮ್ಮಿಷ್ಟ ಅಂಕಲ್," ಎಂದಷ್ಟೇ ಹೇಳಿ ಅವನು ಫೋನಿಟ್ಟ.

ಸಂಧ್ಯಾರಾಣಿಯ ಮನೆಯಲ್ಲಿ ಗೋಡೆಗಳು ಬರಿದಾಗಿದ್ದವು, ಹಾಲಿನ ತುಂಬ ರಟ್ಟಿನ ಡಬ್ಬಿಗಳು. ಕುಳಿತುಕೊಳ್ಳಲು ಕುರ್ಚಿಯೂ ಉಳಿದಿರಲಿಲ್ಲ. ಕಲ್ಲಯ್ಯ ನಿಂತೇ ಎಲ್ಲವನ್ನೂ ಹೇಳಿದ. ಅವಳು ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ತಿರುಗಿಸುತ್ತ ಕೇಳಿದಳು.

"ನಿಮಗ ಆ ಬೂದು ಕಂಡಿತ್ತು," ಎಂದಳು ಕೊನೆಗೆ.

"ಕಂಡಿತ್ತವಾ."

"ನಾ ಅವ್ರ ಕೈ ಹಿಡಕೊಂಡಿದ್ದೆ ಅಯ್ಯಾರ. ಅಯ್ಯಾರು ಹೂಂ ಅಂದಾರ ಬಿಡು ಅಂತ ಬಿಡಿಸಿಕೊಂಡು ಹೋದ್ರು." ಅವಳ ದನಿ ಏರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರ ಅನ್ನಿಸುತ್ತಿತ್ತು. "ನನ್ನ ಮುಂದ ಹೇಳಿದ್ದಾತು. ಅಕಿಗೆ ಹೇಳ್ರಿ, ಹೋಗ್ರಿ. ಅಕಿ ಏನ್ ಕೇಳಿದ್ರೂ ಖರೇನ ಹೇಳ್ರಿ."

ಪ್ರಣತಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಕಲ್ಲಯ್ಯ ಮಂಡಿ ನೋವಿನಲ್ಲೇ ಅವಳ ಕೆಳಗಿನ ಮೆಟ್ಟಿಲಲ್ಲಿ ಕುಳಿತ.

"ನೀ ಅಂದು ಪಪ್ಪಾನ್ನ ಕರೆದದ್ದು ಛಲೋ ಮಾಡಿದಿ ಅವ್ವಿ. ಅಲ್ಲಿದ್ದ ಅಷ್ಟು ಮಂದ್ಯಾಗ ಛಲೋ ಕೆಲಸ ಮಾಡಿದಾಕಿ ನೀ ಒಬ್ಬಾಕೀನ. ಹಿಂದಿಂದ ಕರದ್ರ ಯಾರೂ ಸಾಯಂಗಿಲ್ಲ. ಐಸು ತೆಳ್ಳಗಿತ್ತು, ನಾ ಗಟ್ಟಿ ಐತಿ ಅಂದಿದ್ದೆ. ತಪ್ಪು ನಂದು."

ಅವಳು ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಇಫ್ ಐ ಕಾಲ್ಡ್ ಹಿಮ್ ಅಗೇನ್," ಎಂದು ಪಿಸುಗುಟ್ಟಿದಳು, "ಪಪ್ಪಾ ಬರ್ತಿದ್ದ?"

ಇಲ್ಲವಾ, ಬರುತ್ತಿರಲಿಲ್ಲ ಎನ್ನುವ ಸುಳ್ಳು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಜನರಿಗೆ ಹಿತವಾದದ್ದನ್ನೇ ಹೇಳಿ ಬೆಳೆದ ನಾಲಿಗೆ ಅದು. ಅದನ್ನು ಕಚ್ಚಿ ಹಿಡಿದು ಅವನೆಂದ:

"ಬರ್ತಿದ್ದ ಅನಸ್ತೈತಿ. ನೀ ಮತ್ತೊಮ್ಮೆ ಕರಿಯಾಕಿ ಇದ್ದಿ. ನಾ ನಿನ್ನ ಬಾಯಿ ಮುಚ್ಚಿಸಿದೆ."

ಪ್ರಣತಿ ಅಳಲಿಲ್ಲ. ಅವನ ಮುಖವನ್ನು ನೋಡಿದಳು. ಅಂಥ ನೋಟವನ್ನು ಯಾವ ಮಗುವಿನ ಕಣ್ಣಲ್ಲೂ ಅವನು ಕಂಡಿರಲಿಲ್ಲ. ಎದ್ದು ಒಳಗೆ ಹೋದಳು.

ಕಲ್ಲಯ್ಯ ಮನೆಯ ಪಕ್ಕದಿಂದ ಹಾದು ರಸ್ತೆಗೆ ಇಳಿದ. ಸಂಧ್ಯಾರಾಣಿ ಹೋಗಿ ಬರ್ರಿ ಎನ್ನಲಿಲ್ಲ, ಅವನೂ ನಿರೀಕ್ಷಿಸಲಿಲ್ಲ. ಕಾರಿನ ಬಾಗಿಲಿಗೆ ಕೈ ಹಾಕಿದಾಗ ಬೆನ್ನ ಹಿಂದಿನಿಂದ, ಇಡೀ ಬೀದಿಗೆ ಕೇಳುವ ಹಾಗೆ, ಕೂಗು ಬಂತು.

"ಕಲ್ಲಯ್ಯ ಅಂಕಲ್!"

ಅವನು ಥಟ್ಟನೆ ನಿಂತು ತಿರುಗಿದ. ಪ್ರಣತಿ ಮುಂಬಾಗಿಲಲ್ಲಿ ನಿಂತಿದ್ದಳು, ಎರಡೂ ಮುಷ್ಟಿ ಬಿಗಿದು. ಏನವಾ ಎಂದು ಕೇಳಿದ. ಅವಳು ಏನೂ ಹೇಳಲಿಲ್ಲ. ಕರೆದರೆ ಮನುಷ್ಯ ನಿಲ್ಲುತ್ತಾನೆ, ತಿರುಗುತ್ತಾನೆ, ಅವನಿಗೆ ಏನೂ ಆಗುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.